ಎಡಗಣ್ಣಿಗೆ ಮೊದಲ ಸಂಪುಟ

ಜಪಾನಿನ ಚಿತ್ರಕಥೆಗೆ ಮಾಂಗಾ ಎಂದು ಹೆಸರು. ಅದನ್ನು ಕೊಂಡು ತಂದವನಿಗೆ ಏನೆನ್ನಬೇಕೆಂಬುದನ್ನು ನನ್ನ ಮಗಳು ಶಿವಾನಿ ಅದರಿಂದ ಎರಡು ದೀರ್ಘ ಕಿತ್ತುಹಾಕಿ ತೋರಿಸಿಕೊಟ್ಟಳು.

ಹದಿನಾಲ್ಕನೆಯ ಹುಟ್ಟುಹಬ್ಬಕ್ಕೆ ಪ್ರಣಯ ಹಾಸ್ಯದ ಮಾಂಗಾ ಬೇಕೆಂದಿದ್ದಳು. ಅವಳು ಹೇಳಿದ್ದು ಸಿಗಲಿಲ್ಲ. ಅಂಗಡಿಯವನು "ಇದೂ ಅದೇ ಥರ ಸಾರ್" ಎಂದು ಇನ್ಯಾವುದರದೋ ಮೊದಲ ಸಂಪುಟ ಕೊಟ್ಟ. ತಂದೆ. (ತಂದೆಯಾದ ಮೇಲೆ ತರದೆ ಇರಲಾಗುತ್ತದೆಯೇ?) ಅವಳು ಅದನ್ನು ಶಾಲೆಯ ಬಸ್ಸಿನಲ್ಲೇ ಓದಿ ಮುಗಿಸಿ ಸೋಫಾದ ಮೇಲೆ ಎಸೆದಳು.

"ವೇಸ್ಟ್ ಅಪ್ಪಾ. ಹುಡುಗ, ಹುಡುಗಿ ಒಂದೇ ಕ್ಲಾಸಲ್ಲಿ ಕೂತಿರ್ತಾರೆ. ಹಲೋ ಅನ್ನೋಕೆ ಅವನು ನೂರಾ ತೊಂಬತ್ತು ಪೇಜ್ ತಗೊಳ್ತಾನೆ. ಲಾಸ್ಟ್ ಪೇಜಲ್ಲೂ ಅನ್ನಲ್ಲ, ಸೀನ್ತಾನೆ ಅಷ್ಟೇ."

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ತಂತ್ರಾಂಶ ಪರೀಕ್ಷಕ. ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕುವುದಕ್ಕೇ ನನಗೆ ಸಂಬಳ. ನಾನೂ ಓದಿದೆ. ಹುಳುಕು ಸಿಗಲಿಲ್ಲ. ಹುಳುಕಿರಬೇಕಾದರೆ ಮೊದಲು ಕಾಯಿ ಇರಬೇಕಲ್ಲ.

ಅದೇ ವಾರ ಕೊಪ್ಪಳದಿಂದ ಅವ್ವ ಬಂದಿದ್ದಳು, ಎರಡೂ ಕಣ್ಣಿನ ಪೊರೆ ತೆಗೆಸಲು. ಮೊದಲು ಎಡಗಣ್ಣಾಯಿತು. ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, ಒಂದು ವಾರ ಟೀವಿ ನೋಡಬಾರದೆಂದು ಕಟ್ಟಪ್ಪಣೆ ಮಾಡಿದರು. ಅವ್ವ ಉಪ್ಪು, ಖಾರ, ತಲೆಸ್ನಾನ ಎಲ್ಲ ಬಿಡಲು ಸಿದ್ಧಳಿದ್ದಳು. ಸಂಜೆ ಆರೂವರೆಯ ಧಾರಾವಾಹಿಯೊಂದನ್ನು ಮಾತ್ರ ಬಿಡಲಾರಳು. ಎರಡನೆಯ ದಿನವೇ ಚೀಲ ತುಂಬಿದಳು.

"ಒಂದ ಕಣ್ಣು ಸಾಕಪ್ಪ ಸಂಗಮೇಶಾ. ಬಲಗಣ್ಣಿನ ಸುದ್ದಿ ತಗೀಬ್ಯಾಡ. ನನ್ನ ಬಸ್ಸಿಗಿ ಕುಂದರಸು."

ಹೋದ ವರ್ಷವೇ ಕಣ್ಣು ಕಾಣದೆ ಎರಡು ಸಲ ಮೆಟ್ಟಿಲ ಮೇಲೆ ಬಿದ್ದವಳು ಆಕೆ. ಹೇಗಾದರೂ ಹಿಡಿದಿಡಬೇಕೆಂದು, "ಟೀವಿ ಬಿಡವ್ವಾ, ಕಥಿ ಓದಿ ಹೇಳ್ತೀನಿ" ಎಂದು ಕೈಗೆ ಸಿಕ್ಕ ಪುಸ್ತಕ ಎತ್ತಿಕೊಂಡೆ. ಕೈಗೆ ಸಿಕ್ಕಿದ್ದು ಅದೇ ಮಾಂಗಾ.

ಮೊದಲು ಪ್ರಾಮಾಣಿಕವಾಗಿಯೇ ಶುರುಮಾಡಿದೆ.

"ಹುಡುಗ ಕುಂತಾನ. ಹುಡುಗಿ ಕುಂತಾಳ."

"ಮುಂದ?"

"ಕುಂತಾರ."

"ಇದು ಕಥಿ ಅಲ್ಲೋ, ದವಾಖಾನಿ ಸಾಲು" ಎಂದು ಅವ್ವ ಚೀಲದತ್ತ ಕೈ ಚಾಚಿದಳು.

ಇನ್ನು ಉಳಿದದ್ದು ಸುಳ್ಳೊಂದೇ. ನಲವತ್ತನೆಯ ಪುಟದೊಳಗೆ ಇಬ್ಬರಿಗೂ ಮದುವೆ ಮಾಡಿಸಿ, ಜಪಾನಿನಲ್ಲಿ ನಾವಿರುವ ಹೆಬ್ಬಗೋಡಿಯಂಥದೇ ಒಂದು ಊರಲ್ಲಿ ಬಾಡಿಗೆ ಮನೆ ಹಿಡಿಸಿಕೊಟ್ಟೆ. ನಾಯಕ ಸರ್ವಗುಣಸಂಪನ್ನ, ಮಿತಭಾಷಿ, ದುಡಿದು ದಣಿದ ಜೀವ. (ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ.) ನಾಯಕಿ ರೂಪವತಿ, ಆದರೆ ನಾಲಿಗೆ ಸ್ವಲ್ಪ ಉದ್ದ. ಗಂಡನಿಗೆ ಬೆಳಗ್ಗೆ ಓಟ್ಸ್ ಗಂಜಿ ಹಾಕುತ್ತಾಳೆ. ಮೆಣಸಿನಕಾಯಿ ಬಜ್ಜಿ ಎಂದರೆ ಕೊಲೆಸ್ಟ್ರಾಲಿನ ಸಹಸ್ರನಾಮ ಪಠಿಸುತ್ತಾಳೆ. ಅವನ ಕಡೆಯವರು ಬಂದರೆ ತಲೆನೋವು, ಅವಳ ಕಡೆಯವರು ಬಂದರೆ ಹೋಳಿಗೆ.

ಅವ್ವ ಚೀಲ ಕೆಳಗಿಟ್ಟಳು.

ಮನೆಗೆಲಸದ ಮಹಾನಂದಾ ರಾಯಚೂರು ಕಡೆಯವಳು. ಮೂರನೆಯ ದಿನದಿಂದ ಅವಳೂ ಪೊರಕೆ ಹಿಡಿದು ಅಲ್ಲೇ ಕೂರತೊಡಗಿದಳು.

"ಪಾಪ, ಗಂಡಸು ಗಂಜಿ ಕುಡದು ಸೊರಗತೈತಿ ನೋಡ್ರಿ ಯಮ್ಮಾ" ಎಂದು ಅವಳು ಲೊಚಗುಟ್ಟಿದಾಗ ನನ್ನ ಪ್ರತಿಭೆಗೆ ನಾನೇ ಬೆರಗಾದೆ. ಹೆಂಡತಿ ನಿವೇದಿತಾ ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತಿದ್ದಳು. ಮಿಕ್ಸಿಯ ಸದ್ದಿನಲ್ಲಿ ಏನೂ ಕೇಳಿಸದೆಂಬ ಧೈರ್ಯ ನನಗೆ. ಮಿಕ್ಸಿ ಯಾವಾಗ ನಿಲ್ಲುತ್ತಿತ್ತೆಂದು ಗಮನಿಸಿರಲಿಲ್ಲ.

ಐದನೆಯ ದಿನ ಸರಕು ತೀರಿತು. ಬಾಯಿಗೆ ಬಂದದ್ದು ಹೇಳುತ್ತಾ ಹೋದೆ. ನಾಯಕ ಹೊಸದಾಗಿ ಪಟ್ಟಣಕ್ಕೆ ಬಂದಾಗ ಅವನಿಗೆ ಕೆಲಸವಿರಲಿಲ್ಲ, ನಾಲ್ಕು ತಿಂಗಳು ಸಂಜೆಯ ಊಟಕ್ಕೆ ಬನ್ನು, ಚಹಾ. ಊರಿಗೆ ಫೋನು ಮಾಡಿದಾಗಲೆಲ್ಲ "ರೊಟ್ಟಿ ಉಂಡೆ ಅವ್ವಾ" ಎನ್ನುತ್ತಿದ್ದ. ಫೋನಿಟ್ಟ ಮೇಲೆ ಅಲ್ಲೇ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದ. ಇಷ್ಟು ಹೇಳಿ ಪುಟ ತಿರುಗಿಸಿದೆ. ಅವ್ವನ ಕೈ ನನ್ನ ಮೊಣಕಾಲ ಮೇಲೆ ಬಂದು ಕೂತಿತ್ತು.

ಎಂಟನೆಯ ದಿನ ಡಾಕ್ಟರು ಕಣ್ಣು ಚೆನ್ನಾಗಿದೆಯೆಂದರು. ಮನೆಗೆ ಬಂದದ್ದೇ ಅವ್ವ ಪುಸ್ತಕ ಕೇಳಿ ಇಸಿದುಕೊಂಡಳು. ಹೊಸ ಕಣ್ಣಿನಿಂದ ಒಂದೊಂದೇ ಪುಟ ನೋಡಿದಳು.

"ಮದುವಿ ಯಾವ ಪುಟದಾಗ ಆತು?"

"ಅದು... ಎರಡನೇ ಸಂಪುಟದಾಗ ಇರಬೇಕವ್ವಾ."

ಶಿವಾನಿ ಫೋನಿನಿಂದ ತಲೆಯೆತ್ತಿದಳು. "ಅಜ್ಜೀ, ನಾನು ಫಸ್ಟ್ ಡೇನೇ ಪೂರ್ತಿ ಕಥೆ ಹೇಳಿದ್ನಲ್ಲಾ, ಎರಡು ನಿಮಿಷದಲ್ಲಿ."

ನಾನು ಅವ್ವನ ಮುಖ ನೋಡಿದೆ.

"ಹೌದಪ್ಪ, ಹೇಳಿತ್ತು ಕೂಸು" ಎಂದಳು ಅವ್ವ. "ಪುಸ್ತಕದಾಗ ಏನೂ ಇಲ್ಲಂತ ಗೊತ್ತಿತ್ತು. ನಿನ್ನ ಹೊಟ್ಟ್ಯಾಗ ಏನೈತಿ ಅಂತ ಕೇಳ್ಕೋತ ಕುಂತಿದ್ದೆ. ಇಪ್ಪತ್ತು ವರ್ಷ ಫೋನಿನ್ಯಾಗ 'ಆರಾಮ ಅದೀನಿ' ಅಂದದ್ದು ಬಿಟ್ರ ಮತ್ತೇನು ಹೇಳೀದಿ ನೀ?"

ಆ ಪುಸ್ತಕ ಚೆನ್ನಾಗಿದ್ದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಓದಿ ಎದ್ದು ಹೋಗುತ್ತಿದ್ದೆನಲ್ಲ ಎಂದು ಅನ್ನಿಸಿತು. ಅದನ್ನು ಅಷ್ಟು ಸಪ್ಪೆಯಾಗಿ ಬರೆದ ಪುಣ್ಯಾತ್ಮ ಎಲ್ಲಿದ್ದರೂ ತಣ್ಣಗಿರಲಿ.

"ಮತ್ತ ಬಲಗಣ್ಣು ಅವ್ವಾ?" ಎಂದು ಮೆಲ್ಲಗೆ ಕೇಳಿದೆ.

"ಮಾಡಸ್ತೀನಿ. ಆದರ ಈ ಸಲ ನೀ ಕಥಿ ಹೇಳೂದು ಬ್ಯಾಡ. ನಿವೇದಿತಾ ಹೇಳ್ಲಿ. ಹುಡುಗಿ ಕಡೀದೂ ಕೇಳಬೇಕಲ್ಲ."

ನಿವೇದಿತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದಳು. ಅವಳು ನಗುತ್ತಿದ್ದ ರೀತಿ ನನಗೆ ಹಿಡಿಸಲಿಲ್ಲ. ಅತ್ಯಂತ ವಿನಯದಿಂದ ಪುಸ್ತಕ ಮುಂದೆ ಚಾಚಿದೆ.

"ನಂಗೆ ಪುಸ್ತಕ ಬೇಡ ಕಣ್ರೀ" ಎಂದಳು. ಆಮೇಲೆ ಅವ್ವನ ಪಕ್ಕದಲ್ಲಿ ಕೂತು, "ಅತ್ತೆ, ನನ್ ಕಥೆಗೆ ಒಂದು ವಾರ ಸಾಕಾಗಲ್ಲ. ಹದಿನೈದು ದಿನ ಟೀವಿ ಬೇಡ ಅಂತ ಬರೆದುಕೊಡ್ತಾರಾ, ಡಾಕ್ಟರನ್ನ ಕೇಳೋಣ್ವಾ?" ಎಂದಳು.

ಆ ಹದಿನೈದು ದಿನ ತಾನು ಒಂದೂ ರಜೆ ಹಾಕುವುದಿಲ್ಲವೆಂದು ಮಹಾನಂದಾ ಆಗಲೇ ಮಾತು ಕೊಟ್ಟಳು.