ಒದ್ದು ಕಣ್ಣಿಗೊತ್ತಿಕೊಳ್ಳುವವನು

ಜನರನ್ನು ಒದೆಯುವುದೇ ಕಸುಬಾದ ನನ್ನ ತಮ್ಮನಷ್ಟು ಸಾಧುಪ್ರಾಣಿ ಸೇಲಂ, ಧರ್ಮಪುರಿ ಎರಡು ಜಿಲ್ಲೆ ಜಾಲಾಡಿದರೂ ಸಿಕ್ಕುವುದಿಲ್ಲ ಎಂದರೆ ನೀವು ನಗುತ್ತೀರಿ. ನಗಿ! ಅವನು ಗೆದ್ದು ತಂದ ಕಪ್ಪುಗಳಲ್ಲಿ ನಾನು ಸಾಸಿವೆ, ಮೆಂತ್ಯ ತುಂಬಿಟ್ಟುಕೊಂಡು ಇಷ್ಟು ವರ್ಷ ಅವನ ಸಾಧುತನವನ್ನು ನಂಬಿಕೊಂಡೇ ಬಂದವಳು. ಒಂದೇ ಒಂದು ಬೆಳಿಗ್ಗೆ ಮಾತ್ರ ಆ ನಂಬಿಕೆ ಗಂಜಿಯ ಹಾಗೆ ನೀರಾಗಿ ಹೋಯಿತು.

ಗಂಜಿ ಎಂದದ್ದು ಸುಮ್ಮನೆ ಅಲ್ಲ. ಅವತ್ತು ಮಹಡಿಯ ಮೇಲೆ ಮನೆಯವರ ಹಳೇ ಪಂಚೆ ಹಾಸಿ, ಜವ್ವರಿಸಿ ಎನ್ನುವ ಸಬ್ಬಕ್ಕಿ ಗಂಜಿ ಕಾಯಿಸಿಟ್ಟುಕೊಂಡು ಸಂಡಿಗೆ ಇಡುತ್ತಿದ್ದೆ. ಎರಡು ಸಾಲು ಮುಗಿದಿತ್ತು. ಕೆಳಗಿನ ಮನೆಯಾಕೆ "ಅಕ್ಕಾ, ಉಂಗಳುಕ್ಕು ಫೋನ್!" ಎಂದು ಕೂಗಿದಳು. ನಮ್ಮ ಬೀದಿಗೆಲ್ಲ ಇದ್ದದ್ದು ಅವರದೊಂದೇ ಫೋನು. ಸೌಟು ಕೈಯಲ್ಲೇ ಹಿಡಿದು ಇಳಿದೆ. ಆ ಕಡೆ ನನ್ನ ಸೋದರತ್ತೆ, ಕಡಯಂಪಟ್ಟಿಯಿಂದ. ಅಪ್ಪನ ಅಕ್ಕ, ಅಪ್ಪನ ಪಕ್ಕದ ಮನೆಯಲ್ಲೇ ಇರುವವರು. ತಮ್ಮ ಅವತ್ತು ಮೊದಲ ಬಸ್ಸಿಗೇ ಅಪ್ಪನನ್ನು ನೋಡಲು ಅಲ್ಲಿಗೆ ಹೋಗಿದ್ದ.

"ನಿನ್ ತಮ್ಮ ನಿಮ್ಮಪ್ಪನ್ನ ಒದ್ಬುಟ್ಟ ಕಣಮ್ಮೀ! ಕೈ ಮುರ್ದೋಗೈತೆ! ನಾನ್ ಅವತ್ತೇ ಏಳ್ಲಿಲ್ವಾ? ಸೀಕ್ರಮಾ ಬಾ, ಬಿರ್ನೆ ಬಾ!"

ಫೋನು ಕಟ್ಟಾಯಿತು. ನನ್ನ ಸೌಟಿನಿಂದ ಗಂಜಿ ಕೆಳಗಿನ ಮನೆಯವರ ನೆಲದ ಮೇಲೆ ಸೊಗಸಾಗಿ ಒಂದು ಸಂಡಿಗೆಯಾಗಿ ಬಿತ್ತು.

ನನಗೆ ಎಂಥ ಗಾಬರಿಯಾಯಿತೆಂದು ತಿಳಿಯಬೇಕಾದರೆ ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತಿರಬೇಕು. ಪೊರಕೆ, ಪುಸ್ತಕ, ಮನುಷ್ಯರು, ಯಾವುದಕ್ಕೆ ಕಾಲು ತಾಕಿದರೂ ತಕ್ಷಣ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅಂಥ ಮನೆಯಲ್ಲಿ ಮಗ ಅಪ್ಪನನ್ನು ಒದೆಯುವುದೆಂದರೇನು! ಅದರಲ್ಲಿ ಅರ್ಧ ಪಾಪ ನನ್ನದೇ. ಅವನು ಬಾಕ್ಸಿಂಗ್ ಸೇರುವಾಗ ಅರ್ಜಿಗೆ ಸೈನು ಹಾಕಲು ಅಪ್ಪ ಒಪ್ಪಲಿಲ್ಲ, ಹಾಕಿದವಳು ನಾನು. ಅತ್ತೆ ಅವತ್ತೇ ಹೇಳಿದ್ದರು: "ಒದೆ ತಿಂದು ಬೆಳೆದಿರೋ ಹೈದ. ಅವನ್ಗೆ ಒದೆಯೋದು ಬೇರೆ ಕಲಿಸ್ತೀಯಾ? ಒಂದಿನ ಅಪ್ಪನ್ ಮೇಲೇ ಬರ್ತಾನೆ, ಬರ್ದಿಟ್ಕೋ." ನಾನು ಬರೆದಿಡಲಿಲ್ಲ. ಅವನು ಮನೆಯವರ ಮೇಲೆ ಎಂದೂ ಕೈ ಎತ್ತುವುದಿಲ್ಲವೆಂದು ಆಂಜನೇಯನ ಮುಂದೆ ನಿಂತು ಅವನ ಪರವಾಗಿ ಮಾತು ಕೊಟ್ಟು ಬಂದಿದ್ದೆ. ಅಯ್ಯೋ, ಕಾಲಿನ ಮಾತು ಸೇರಿಸಿದ್ದೆನೋ ಇಲ್ಲವೋ!

ಮನೆಯವರು ಅರ್ಧ ದಿನ ರಜೆ ಹಾಕಿ ಜೊತೆಗೆ ಹೊರಟರು. ಬಸ್ಸು ಓಮಲೂರು ದಾಟಿದ ಮೇಲೆ ಕೇಳಿದರು: "ಯಾವ ಕಾಲಲ್ಲಿ ಒದ್ದನಂತೆ?"

"ಯಾವ ಕಾಲಾದ್ರೇನು ರೀ!"

"ಹಂಗಲ್ಲ. ಬಲಗಾಲಾಗಿದ್ರೆ ಬರೀ ಕೈಗೆ ನಿಲ್ತಿರಲಿಲ್ಲ."

ಅದೂ ನಿಜವೇ. ಕೈ ತಾನೇ, ಎದೆಯಲ್ಲವಲ್ಲ, ದೇವರು ದೊಡ್ಡವನು ಎಂದುಕೊಂಡೆ. ಎಂಥ ಸಮಾಧಾನ ನೋಡಿ!

ಅಮ್ಮ ತೀರಿಕೊಂಡಾಗ ಅವನಿಗೆ ಐದು ವರ್ಷ, ನನಗೆ ಹದಿನೇಳು. ಎರಡು ವರ್ಷಕ್ಕೆ ನಾನು ಮದುವೆಯಾಗಿ ಸೇಲಂಗೆ ಬಂದೆ. ಅವನು ಅಪ್ಪನ ಬೆಲ್ಟಿನ ಜೊತೆ ಉಳಿದ. ಅಪ್ಪ ಲಾರಿ ಡ್ರೈವರು. ತೊಪ್ಪೂರು ಘಾಟಿಯಲ್ಲಿ ಬ್ರೇಕು ತುಳಿದು ತುಳಿದು, ಮನೆಗೆ ಬಂದ ಮೇಲೆ ಅವರಿಗೆ ಬ್ರೇಕೇ ಸಿಕ್ಕುತ್ತಿರಲಿಲ್ಲ. ಸೊಂಟದಲ್ಲಿ ಹಸಿರು ಬಣ್ಣದ ಅಗಲ ಬೆಲ್ಟು. ಅವನು ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾದರೆ ಬೆಲ್ಟು, ಕಮ್ಮಿಯಾದರೂ ಬೆಲ್ಟು. ಸರಿಯಾಗಿದ್ದರೆ? "ಇವತ್ತೆಂಗ್ಲಾ ಸರಿಯಾಯ್ತು?" ಎಂದು ಬೆಲ್ಟು!

ಹದಿನೈದಕ್ಕೆ ಅವನು ಯಾವುದೋ ಲಾರಿ ಹತ್ತಿ ಓಡಿಹೋದ. ಕಾರಿಮಂಗಲಂನಲ್ಲಿ ಒಂದು ಪಂಕ್ಚರ್ ಅಂಗಡಿಯಲ್ಲಿ ಸಿಕ್ಕಿದ. ನಮ್ಮನೆಯವರು ಹೋಗಿ ನಮ್ಮ ಮನೆಗೇ ಕರೆತಂದರು. ಬಂದ ಹೊಸತರಲ್ಲಿ ನಾನು ಕೊಡವಲು ಸೀರೆ ಬೀಸಿದರೂ ಸಾಕು, ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದ. ನಾನು ಒಳಗೆ ಹೋಗಿ ಅಳುತ್ತಿದ್ದೆ. ಆದರೆ ಹೊಸ ಬಸ್ ಸ್ಟ್ಯಾಂಡಿನ ಹತ್ತಿರ ಬಾಕ್ಸಿಂಗ್ ಕಲಿಸುತ್ತಿದ್ದ ಮಾಸ್ಟರು ಅದನ್ನೇ ನೋಡಿ ಕಣ್ಣರಳಿಸಿದರಂತೆ.

"ಆಹಾ, ಏನು ತಪ್ಪಿಸ್ಕೊಳ್ತೀಯೋ! ಯಾರು ಕಲಿಸಿದ್ದು?"

"ಅಪ್ಪ, ಸಾರ್."

"ಅವರೂ ಬಾಕ್ಸರಾ?"

"ಇಲ್ಲ ಸಾರ್, ಲಾರಿ ಡ್ರೈವರು."

ಹೀಗೆ ಶುರುವಾಯಿತು ಅವನ ವಿದ್ಯಾಭ್ಯಾಸ. ಊದಿದ ತುಟಿ, ಕಪ್ಪಾದ ಕಣ್ಣು ಹೊತ್ತು ಬಂದು "ಗೆದ್ದೆ ಅಕ್ಕಾ" ಎನ್ನುತ್ತಿದ್ದ. ಗೆದ್ದವನ ಮುಖವೇ ಹೀಗಿದ್ದರೆ ಸೋತವನ ಮುಖವೆಲ್ಲಿ, ಅವನ ಅಕ್ಕನಿಗೆ ಗುರುತು ಸಿಕ್ಕಿತೇ ಎಂದು ನಾನು ದೀಪ ಹಚ್ಚುವಾಗ ಆ ಕಾಣದ ಮಗುವಿಗೂ ಸೇರಿಸಿ ಕೈ ಮುಗಿಯುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಒಂದು ದಿನ ಕುಣಿಯುತ್ತ ಬಂದ.

"ಅಕ್ಕಾ, ಇನ್ಮೇಲೆ ಕಿಕ್‌ಬಾಕ್ಸಿಂಗು! ಕಾಲಲ್ಲೂ ಒಡೀಬೋದು!"

"ಕಾಲಲ್ಲಾ! ಯಾರ್ಗೋ?"

"ಎದುರಿಗಿರೋನ್ಗೆ."

"ಅವನ್ಗೂ ಅಕ್ಕ ತಂಗಿ ಇಲ್ವೇನೋ, ರಾಮ ರಾಮ!"

ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಒಂದು ಷರತ್ತಿನ ಮೇಲೆ ಒಪ್ಪಿದೆ: ಯಾರಿಗೆ ಕಾಲು ತಾಕಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಹುಡುಗ ತಲೆಯಾಡಿಸಿದ. ನಾನು ಹೇಳಿದ್ದನ್ನು ಅವನು ಯಾವತ್ತು ಮೀರಿದವನು?

ಮೊದಲ ಪಂದ್ಯ. ಎದುರಾಳಿಯ ಸೊಂಟಕ್ಕೆ ಒಂದು ಬಿಟ್ಟನಂತೆ. ಜನ ಹೋ ಎಂದರು. ಇವನು ಬಗ್ಗಿ, ಕೈಗವಸು ಹಾಕಿದ ಕೈಯಿಂದ ಆ ಸೊಂಟವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಒತ್ತಿಕೊಳ್ಳುವಾಗ ಕಣ್ಣು ಮುಚ್ಚಲೇಬೇಕಲ್ಲ? ಮತ್ತೆ ಕಣ್ಣು ಬಿಟ್ಟಾಗ ಇವನು ಅಂಗಾತ ಮಲಗಿದ್ದ!

ಮಾರನೆಯ ದಿನ ಮಾಸ್ಟರು ಮನೆ ಬಾಗಿಲಿಗೇ ಬಂದರು. ಗಡಸು ಆಳು, ನನ್ನ ಮುಂದೆ ಕೈ ಮುಗಿದು ನಿಂತರು. "ಅಮ್ಮಾ, ನಾನ್ ಹೇಳಿದ್ರೆ ಅವನು ಕೇಳುವುದಿಲ್ಲ. ನೀವು ಒಂದು ಮಾತು ಹೇಳಿ, ಅವನಿಗೆ ವಿನಾಯಿತಿ ಕೊಡಿ." ಧರ್ಮದ ವಿಷಯದಲ್ಲಿ ವಿನಾಯಿತಿ ಕೊಡಲು ನಾನು ಯಾರು? ಆದರೆ ದೇವಸ್ಥಾನದಲ್ಲಿ ಜನ ಜಾಸ್ತಿಯಿದ್ದರೆ ಅರ್ಚಕರು ಎಲ್ಲರಿಗೂ ಸೇರಿಸಿ ಒಂದೇ ಮಂಗಳಾರತಿ ಎತ್ತುವುದಿಲ್ಲವೇ? ಹಾಗೆ, ಕೊನೆಯ ಗಂಟೆ ಹೊಡೆದ ಮೇಲೆ ಎಲ್ಲ ಒದೆಗೂ ಸೇರಿಸಿ ಒಟ್ಟಿಗೆ ಒತ್ತಿಕೊಳ್ಳಬಹುದು ಎಂದು ತೀರ್ಪು ಕೊಟ್ಟೆ. ಅಲ್ಲಿಂದ ಮುಂದೆ ಗೆದ್ದರೂ ಸೋತರೂ ಎದುರಾಳಿಯ ಬಳಿ ಹೋಗಿ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಮೊದಮೊದಲು ಅವರು ಅಣಕವೆಂದು ತಿಳಿದು ಇನ್ನೊಂದು ಕೊಡುತ್ತಿದ್ದರಂತೆ!

ಇನ್ನು ನನ್ನ ಲಟ್ಟಣಿಗೆಯ ಕಥೆ. ದಿನಾ ಮಧ್ಯಾಹ್ನ ಅದು ಕಾಣೆಯಾಗುವುದು, ಸಾಯಂಕಾಲ ತೊಳೆದಿಟ್ಟ ಹಾಗೆ ಜಾಗಕ್ಕೆ ಬರುವುದು. ಒಂದು ದಿನ ನೋಡುತ್ತೇನೆ, ಹಿತ್ತಲಲ್ಲಿ ಕಾಲು ಚಾಚಿ ಕೂತು ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ನನ್ನ ಲಟ್ಟಣಿಗೆಯನ್ನು ಉರುಳಿಸುತ್ತಿದ್ದಾನೆ! ಮೂಳೆ ಗಟ್ಟಿಯಾಗಲಂತೆ. ಅಲ್ಲಿ ಒದೆ ಬಿದ್ದರೆ ಒದ್ದವನಿಗೇ ನೋವಾಗಬೇಕಂತೆ. ಎಷ್ಟು ತಿಂಗಳಿಂದ ನಾವು ಅದರಲ್ಲಿ ಲಟ್ಟಿಸಿದ ಚಪಾತಿ ತಿಂದೆವೋ! "ಅದಕ್ಕೇ ಚಪಾತಿ ಇಷ್ಟು ಗಟ್ಟಿ ಬರ್ತಿತ್ತು," ಎಂದರು ಮನೆಯವರು. ಗಟ್ಟಿ ಚಪಾತಿಗೆ ಕಾರಣ ಅದಲ್ಲವೆಂದು ನನಗೆ ಗೊತ್ತಿತ್ತು. ಹೌದೆಂದು ತಲೆಯಾಡಿಸಿದೆ. ದೇವರು ಇಂಥ ಸಣ್ಣ ಸಣ್ಣ ಕಡೆಯೂ ಕೈ ಹಿಡಿಯುತ್ತಾನೆ.

ಇಂಥವನು ಅಪ್ಪನನ್ನು ಒದ್ದನೇ?

ಕಡಯಂಪಟ್ಟಿಯ ಮನೆ ಮುಂದೆ ಅರ್ಧ ಬೀದಿ ನೆರೆದಿತ್ತು. ಅಪ್ಪ ಹಗ್ಗದ ಮಂಚದ ಮೇಲೆ ಕೂತಿದ್ದರು, ಬಲಗೈಗೆ ಮಾವುಕಟ್ಟು, ಅಂದರೆ ಪ್ಲಾಸ್ಟರ್ ಪಟ್ಟಿ. ತಮ್ಮ ಅಂಗಳದ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಬೆಳಗಿನಿಂದ ಹನಿ ನೀರು ಕುಡಿದಿಲ್ಲ. ನಾನು ನೆಟ್ಟಗೆ ಹೋಗಿ ಅವನ ಕೆನ್ನೆಗೆ ಒಂದು ಬಾರಿಸಿದೆ. ಜನ್ಮದಲ್ಲಿ ಮೊದಲ ಸಲ. ತಪ್ಪಿಸಿಕೊಳ್ಳುವ ವಿದ್ಯೆಯಲ್ಲಿ ಅಷ್ಟು ಹೆಸರಾದವನು ತಪ್ಪಿಸಿಕೊಳ್ಳಲೇ ಇಲ್ಲ.

"ಒದ್ಯೇನೋ?"

"ಇಲ್ಲಕ್ಕಾ. ನಾಳಿದ್ದು ದೊಡ್ ಪಂದ್ಯ ಐತೆ, ಒಂದ್ಕಿತ ಬಂದು ನೋಡಪ್ಪಾ ಅಂದೆ. 'ನೀನ್ ಒದೆ ತಿನ್ನೋದ್ನ ದುಡ್ ಕೊಟ್ ನೋಡ್ಬೇಕಾ, ನಾನೇ ಕೊಡ್ತೀನಿ ಬಾ' ಅಂತ ಕೂತಲ್ಲಿಂದ್ಲೇ ನನ್ ಸೊಂಟಕ್ಕೆ ಕೈ ಬೀಸ್ತು. ಕಾಲು ತಾನಾಗೇ ಎದ್ಬುಡ್ತು ಅಕ್ಕಾ, ತಡೆಯೋಕೆ. ಅಪ್ಪನ್ ಕೈ ನನ್ ಮೂಳೆಗೆ ಬಿತ್ತು."

ಅಂದರೆ ಇವನು ಒದ್ದಿರಲಿಲ್ಲ! ಅಪ್ಪ ಹೊಡೆದದ್ದು, ಹೊಡೆದ ಕೈಯೇ ಮುರಿದದ್ದು. ನನ್ನ ಎದೆಯಿಂದ ಒಂದು ಮೂಟೆ ಇಳಿಯಿತು. ಅದೇ ಗಳಿಗೆಗೆ ಅವನ ಕೆನ್ನೆಯ ಮೇಲೆ ಎದ್ದ ನನ್ನ ಬೆರಳುಗಳ ಗುರುತು ಕಂಡಿತು. ಮತ್ತೆ ಆ ಲಟ್ಟಣಿಗೆ! ಅಪ್ಪನ ಕೈ ಮುರಿದದ್ದು ಒಂದು ಲೆಕ್ಕದಲ್ಲಿ ನನ್ನ ಅಡುಗೆಮನೆಯ ಸಾಮಾನಿನಿಂದಲೇ.

"ಮತ್ಯಾಕೋ ಇಲ್ಲಿ ಕೂತಿದೀಯ?"

"ಕಾಲು ತಾಕ್ತಲ್ಲ ಅಕ್ಕಾ. ಕಣ್ಗೊತ್ಕೋಬೇಕು. ಅಪ್ಪ ಅತ್ರ ಸೇರಿಸ್ತಿಲ್ಲ. ಒತ್ಕೊಳ್ದೆ ನಾನು ಪಂದ್ಯಕ್ಕೆ ಓಗಲ್ಲ, ಅನ್ನ ತಿನ್ನಲ್ಲ."

ಅತ್ತೆ ಬಾಗಿಲಿನಿಂದ ಕೂಗಿದರು: "ನಿಮ್ಮಪ್ಪನೂ ತಿಂದಿಲ್ಲ ಕಣಮ್ಮೀ! ಎಡಗೈಲಿ ಉಣ್ಣಲ್ವಂತೆ, ನಾನ್ ತಿನ್ಸುದ್ರೆ ಬ್ಯಾಡ್ವಂತೆ. ಎರಡೂ ಒಂದೇ ಬೀಜ!"

ನಾನು ಒಳಗೆ ಹೋದೆ. ರಾಗಿ ಮುದ್ದೆ ತಿರುವಿದೆ, ಕೀರೆ ಸೊಪ್ಪು ಮಸೆದೆ, ತಟ್ಟೆಗೆ ಹಾಕಿದೆ. ತಮ್ಮನನ್ನು ಎಬ್ಬಿಸಿ ಕೈ ತೊಳೆಸಿ, ತಟ್ಟೆ ಅವನ ಕೈಗೆ ಕೊಟ್ಟು ಮಂಚದ ಮುಂದೆ ಕೂರಿಸಿದೆ. ಬೀದಿಯವರನ್ನು ಮನೆಯವರು ಹೇಗೋ ಸಾಗಹಾಕಿದರು. ಅವನು ತುತ್ತು ಮುರಿದು ಮಸೆದ ಸೊಪ್ಪಿನಲ್ಲಿ ಅದ್ದಿ ಎತ್ತಿದ. ಅಪ್ಪ ಬಾಯಿ ಬಿಗಿದುಕೊಂಡರು. ಎತ್ತಿದ ಕೈ ಇಳಿಸಲಿಲ್ಲ ಅವನು. ಮೂರು ಸುತ್ತು ನಿಂತು ಗುದ್ದಾಡುವ ತೋಳು ಆ ತುತ್ತನ್ನು ಅಪ್ಪನ ಬಾಯಿಯ ಮುಂದೆ ಹಿಡಿದೇ ಇತ್ತು.

ಅಪ್ಪ ಅವನ ಕಾಲನ್ನೇ ನೋಡಿದರು. ಆಮೇಲೆ, ಗೋಡೆಗೆ ಹೇಳಿದ ಹಾಗೆ, "ಕಾಲ್ ನೊಂದ್ತಾ ಲೇ?" ಎಂದರು.

ಆ ಮನೆಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ತಮ್ಮ ತುತ್ತನ್ನು ತಟ್ಟೆಗೆ ಬಿಟ್ಟ. ಎಡಗೈಯಿಂದ ಅಪ್ಪನ ಮಾವುಕಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಮತ್ತೆ ಮುಟ್ಟಿದ, ಮತ್ತೆ ಒತ್ತಿಕೊಂಡ. ನಿಲ್ಲಿಸಲೇ ಇಲ್ಲ.

"ಸಾಕು ಬುಡ್ಲಾ," ಎಂದರು ಅಪ್ಪ. "ಇದೊಂದಕ್ಕೇ ನೀನ್ ಇಷ್ಟ್ ಕಿತ ಒತ್ಕೊಂಡ್ರೆ, ನಾನ್ ಎಷ್ಟ್ ಕಿತ ಒತ್ಕೋಬೇಕು?"

ಆಮೇಲೆ ಬಾಯಿ ತೆರೆದರು.

ಸಾಯಂಕಾಲ ದೀಪ ಹಚ್ಚುವ ಮುಂಚೆಯೇ ಸೇಲಂ ಸೇರಿದೆವು. ಮಹಡಿ ಹತ್ತಿ ನೋಡಿದೆ. ಪಾತ್ರೆಯಲ್ಲಿ ಉಳಿದಿದ್ದ ಗಂಜಿ ಕಲ್ಲಾಗಿತ್ತು. ಇಟ್ಟಿದ್ದ ಎರಡು ಸಾಲಿನಲ್ಲಿ ಒಂದು ಸಾಲನ್ನು ಕಾಗೆಗಳು ಮುಗಿಸಿದ್ದವು. ಇನ್ನೊಂದು ಸಾಲು ಹಾಗೇ ಇತ್ತು, ಚೆನ್ನಾಗಿ ಒಣಗಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಪಂಚೆಯನ್ನು ತಿರುವಿ ಹಾಕಿ, ಹಿಂಬದಿಗೆ ನೀರು ಚಿಮುಕಿಸಿ, ಮುರಿಯದ ಹಾಗೆ ಒಂದೊಂದೇ ಸಂಡಿಗೆ ಬಿಡಿಸತೊಡಗಿದೆ.