ಮಂಡಿನೋವಿನ ಕ್ಯಾರಿಯರ್

"ನೋವು ಅನ್ನೋದು ನೀರಿದ್ದ ಹಾಗೆ. ದಾರಿ ಕೊಟ್ರೆ ಹರಿದು ಹೋಗತ್ತೆ!" ಎಂದು ಸೂರಪ್ಪ ಭಾವ ಮೇಲುಕೋಟೆ ಬೆಟ್ಟದ ಬುಡದಲ್ಲಿ ನಿಂತು ಘೋಷಿಸಿದರು. ಅವರ ಕೈಯಲ್ಲಿದ್ದದ್ದು ನನ್ನ ಸ್ಟೀಲ್ ಕ್ಯಾರಿಯರ್! ಮುಚ್ಚಳಕ್ಕೆ ತೂತು ಕೊರೆದು ಎರಡು ರಬ್ಬರ್ ಕೊಳವೆ ಸಿಕ್ಕಿಸಿ, ಕೊಳವೆಯ ತುದಿಗೆ ಮಂಡಿಪಟ್ಟಿ, ಪಕ್ಕಕ್ಕೊಂದು ಬ್ಯಾಟರಿ ಕಟ್ಟಿದ್ದರು. ಮಂಡಿನೋವನ್ನು ಎಳೆದು ತುಂಬಿಸಿಕೊಳ್ಳುವ ಯಂತ್ರವಂತೆ. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಸೂರಪ್ಪ ಭಾವ ನನ್ನ ಗಂಡನ ಅಣ್ಣ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ನಮ್ಮ ಮನೆಯ ಸಾಮಾನುಗಳನ್ನು ಬಿಚ್ಚುವುದೇ ಅವರ ಕಸುಬಾಗಿದೆ.

ಮೈಸೂರಿನ ನಮ್ಮ ನೆಮ್ಮದಿ ಹಿರಿಯರ ಸಂಘ ಪ್ರತಿ ವರ್ಷ ಮೇಲುಕೋಟೆಗೆ ಬರುತ್ತದೆ. ಮೊದಲ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಂಡು, ಪುಳಿಯೋಗರೆ ತಿಂದು, ಯಾರ ಮಂಡಿ ಹೆಚ್ಚು ನೋಯುತ್ತದೆ ಎಂದು ಜಗಳವಾಡಿ ವಾಪಸ್ ಹೋಗುತ್ತದೆ. ಒಂದು ಸಲವಾದರೂ ಮೇಲೆ ಹತ್ತಿ, ಅಲ್ಲಿಂದ ಕಲ್ಯಾಣಿ ಹೇಗೆ ಕಾಣುತ್ತದೆಂದು ನೋಡುವ ಆಸೆ ನನಗೆ. ಹಾಳು ಮಂಡಿ ಬಿಡಬೇಕಲ್ಲ!

ಭಾವ ಮೊದಲು ತಮ್ಮ ಮಂಡಿಗೇ ಪಟ್ಟಿ ಕಟ್ಟಿಕೊಂಡರು, ಪ್ರಯೋಗಕ್ಕಂತೆ. ಆಮೇಲೆ ಅಧ್ಯಕ್ಷೆ ಪಂಕಜಾಕ್ಷಮ್ಮನ ಸರದಿ. ಯಂತ್ರ ಗೊರ್ರೆಂದಿತು.

"ಅಯ್ಯೋ, ಹೋಯ್ತು ಕಣ್ರೀ!" ಎಂದು ಚೀರಿದ ಪಂಕಜಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಎರಡೆರಡು ಮೆಟ್ಟಿಲು ಹಾರಿಯೇಬಿಟ್ಟರು!

ಇಡೀ ಸಂಘ ನುಗ್ಗಿತು. ನಾನೂ ಹೋಗಿ ಕೂರುವುದರಲ್ಲಿದ್ದೆ, ಭಾವ ತಡೆದರು.

"ವಿಮಲಾ, ಮನೆಯವರೇ ಮುಂದೆ ನುಗ್ಗಿದ್ರೆ ಜನ ಏನಂದ್ಕೋತಾರೆ? ಊಟದ ಪಂಕ್ತೀಲಿ ನೀನು ಯಾವತ್ತಾದ್ರೂ ಮೊದಲು ಕೂತಿದ್ದೀಯಾ?"

"ಇಲ್ಲ. ಅದಕ್ಕೇ ನಂಗೆ ಯಾವತ್ತೂ ಪಾಯಸ ಸಿಕ್ಕಿಲ್ಲ!"

ಕೊನೆಗೆ ನನ್ನ ಸರದಿ ಬಂದಾಗ ಯಂತ್ರದಲ್ಲಿ ಕೆಂಪು ದೀಪ ಹತ್ತಿತು.

"ತುಂಬಿಹೋಯ್ತಲ್ಲ!" ಎಂದರು ಭಾವ.

"ಚೆಲ್ಲಿ ಮತ್ತೆ."

"ಅಷ್ಟು ಜನರ ನೋವನ್ನ ದಾರೀಲಿ ಚೆಲ್ಲೋಕಾಗತ್ತಾ? ಹತ್ತಿರ ಇದ್ದೋರಿಗೆಲ್ಲ ಅಂಟ್ಕೊಳ್ಳತ್ತೆ! ನೀನು ಇಲ್ಲೇ ಇದನ್ನೂ ಪುಳಿಯೋಗರೆ ಪೊಟ್ಟಣಗಳನ್ನೂ ನೋಡ್ಕೋತಿರು, ಬಂದ್ವಿ" ಎಂದು ಅವರೂ ಹಾರುತ್ತಾ ಹೋದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು.

ಮೇಲುಕೋಟೆಯ ಕೋತಿಗಳಿಗೆ ಡಬ್ಬಿ ಕಂಡರೆ ಅದರಲ್ಲಿ ತಿಂಡಿ ಇದೆಯೆಂದೇ ಲೆಕ್ಕ. ಒಂದು ದಾಂಡಿಗ ಕೋತಿ ಪೊಟ್ಟಣಗಳ ಬುಟ್ಟಿಯನ್ನು ಬಿಟ್ಟು ಕ್ಯಾರಿಯರನ್ನೇ ಎತ್ತಿಕೊಂಡು ಮೆಟ್ಟಿಲ ಮೇಲಕ್ಕೆ ಓಡಿ, ಬಳಗವನ್ನೆಲ್ಲ ಸುತ್ತ ಸೇರಿಸಿಕೊಂಡು ಮುಚ್ಚಳ ಕಿತ್ತಿತು!

ಬುಸ್ಸೆಂದಿತು. ದಾಂಡಿಗ ಜಿಗಿಯಲು ಹೋಗಿ, "ಹುಂ..." ಎನ್ನುತ್ತಾ ಸೊಂಟದ ಮೇಲೆ ಕೈಯಿಟ್ಟು ಕುಸಿಯಿತು. ಅದರ ಹಿಂದೆ ಉಳಿದವೂ ಕುಸಿದವು. ನೋಡನೋಡುತ್ತಿದ್ದಂತೆ ಮೆಟ್ಟಿಲುಗಳ ಉದ್ದಗಲಕ್ಕೂ ಕೋತಿಗಳು ಕಾಲು ನೀಡಿ ಕೂತು, ಮಂಡಿ ನೀವಿಕೊಳ್ಳುತ್ತಾ, ತಂತಮ್ಮ ನೋವೇ ಹೆಚ್ಚೆಂದು ಪಕ್ಕದ್ದರ ಮೇಲೆ ಹಲ್ಲು ಕಿರಿಯತೊಡಗಿದವು. ನಮ್ಮ ಸಂಘದ ಮಾಸಿಕ ಸಭೆಯೇ!

ಫೋನ್ ಹೊಡೆದುಕೊಂಡಿತು. ಭಾವ!

"ವಿಮಲಾ! ದಾರಿ ತುಂಬ ಕೋತಿಗಳು, ಮಂಡಿ ಹಿಡ್ಕೊಂಡು ಕೂತಿವೆ! ದಾಟೋಕೆ ಹೋದ್ರೆ ಕಚ್ಚೋಕೆ ಬರ್ತಾವೆ. ಎಲ್ಲರಿಗೂ ಹಸಿವು ಬೇರೆ! ಬೇಗ ಅವುಗಳ ನೋವು ಎಳೆದುಬಿಡು!"

"ನನ್ನದು?"

"ಕೋತಿಗಳದ್ದು ಮೊದಲು ಆಗ್ಲಿ. ನೀನು ಮನೆಯವಳು, ಆಮೇಲೆ ಮಾಡ್ಕೊಂಡ್ರಾಯ್ತು."

ನಾನು ಫೋನ್ ಇಟ್ಟೆ. ಮೆಟ್ಟಿಲ ಬುಡಕ್ಕೆ ಉರುಳಿ ಬಿದ್ದಿದ್ದ ಕ್ಯಾರಿಯರ್ ತಂದು ಮುಚ್ಚಳ ಬಿಗಿದು, ಎರಡೂ ಪಟ್ಟಿಗಳನ್ನು ನನ್ನ ಮಂಡಿಗೇ ಕಟ್ಟಿಕೊಂಡು ಸ್ವಿಚ್ ಒತ್ತಿದೆ. ಆಹಾ! ಆ ಸುಖವನ್ನು ಹೇಗೆ ಹೇಳಲಿ? ಮಂಡಿ ಇದೆಯೋ ಇಲ್ಲವೋ ಎಂದೇ ಗೊತ್ತಾಗಲಿಲ್ಲ.

ಆಮೇಲೆ ಬುಟ್ಟಿ ಎತ್ತಿಕೊಂಡು ಹತ್ತಿದೆ. ಅಡ್ಡ ಕೂತಿದ್ದ ಒಂದೊಂದು ಕೋತಿಯ ಕೈಗೂ ಒಂದೊಂದು ಪುಳಿಯೋಗರೆ ಪೊಟ್ಟಣ ಇಟ್ಟೆ. ಪಾಪ, ನೋವಿನಲ್ಲೂ ಮರ್ಯಾದೆಯಿಂದ ಕಾಲು ಮಡಚಿ ದಾರಿ ಬಿಟ್ಟವು.

ಮೇಲೆ ತಲುಪಿದ್ದೇ ಎಲ್ಲರೂ ಮುತ್ತಿಕೊಂಡರು.

"ಕೋತಿಗಳು ಎದ್ದು ಹೋದ್ವಾ?" ಎಂದರು ಭಾವ.

"ಇಲ್ಲ, ಊಟ ಮಾಡ್ತಿವೆ."

"ಯಾವ ಊಟ?"

"ನಮ್ಮದೇ."

ಪಂಕಜಾಕ್ಷಮ್ಮ ಖಾಲಿ ಬುಟ್ಟಿಯೊಳಗೆ ಇಣುಕಿ ಕಲ್ಲಿನ ಮೇಲೆ ಕೂತುಬಿಟ್ಟರು. ಭಾವ ಬಾಯಿ ಬಾಯಿ ಬಡಿದುಕೊಂಡರು. "ಯಂತ್ರ ಕೆಳಗಿದೆ, ನಾವು ಮೇಲಿದ್ದೀವಿ, ನಡುವೆ ಕೋತಿಗಳು! ಇಳಿಯೋದು ಹೇಗೆ?"

"ಸ್ವಲ್ಪ ಪಕ್ಕಕ್ಕೆ ಸರೀರಿ ಭಾವ," ಎಂದೆ, "ಕಲ್ಯಾಣಿ ಕಾಣಿಸ್ತಿಲ್ಲ."