ಮಾವನವರಿಗೊಂದು ಗೂಡು

ನನ್ನ ಮಾವನವರು ಇಷ್ಟು ದಿನ ಅತ್ತೆಯ ಬೀರುವಿನ ಕುಂಟುಕಾಲಿನ ಕೆಳಗೇ ಇದ್ದರು ಎಂಬ ಭಯಂಕರ ಸಂಗತಿ ಬಯಲಾದದ್ದು ಒಂದು ಭಾನುವಾರ ಬೆಳಿಗ್ಗೆ, ನನ್ನ ಹೆಂಡತಿ ಕಸ ಗುಡಿಸುವಾಗ.

(ಗಾಬರಿಯಾಗಬೇಡಿ. ಮಾವನವರು ತೀರಿಕೊಂಡಿದ್ದಾರೆ, ಅದೂ ಸಕಲ ಮರ್ಯಾದೆಗಳೊಂದಿಗೆ. ಬೀರುವಿನ ಕೆಳಗಿದ್ದದ್ದು ಅವರ ವಿಡಿಯೋಗಳಿರುವ ಹಾರ್ಡ್ ಡಿಸ್ಕು.)

“ಏನ್ರೀ, ಇಲ್ಲಿ ಬನ್ನಿ!”

ಕಿಟಕಿಯ ಹತ್ತಿರ ನಿಂತು ಎದುರುಮನೆಯ ಹೊಗೆ ಎತ್ತ ಹೋಗುತ್ತದೆ ಎಂದು ನೋಡುತ್ತಿದ್ದ ನಾನು ಓಡಿದೆ. ಹೆಂಡತಿ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಧೂಳು ಮೆತ್ತಿದ ಸಣ್ಣ ಇಟ್ಟಿಗೆಯಂಥ ಡಿಸ್ಕು. ಅದರ ಬೆನ್ನಿಗೆ ಅವಳೇ ಎಂದೋ ಅಂಟಿಸಿದ್ದ ಚೀಟಿ: ‘ಅಪ್ಪ’.

“ನಮ್ಮಪ್ಪನ್ನ ಬೀರು ಕೆಳಗೆ ಇಟ್ಟಿದ್ದೀರಾ?”

“ಬೀರು ಅಲ್ಲಾಡ್ತಿತ್ತು ಕಣೇ. ಕೈಗೆ ಸಿಕ್ಕಿದ್ದನ್ನ ಒತ್ತು ಕೊಟ್ಟೆ...”

“ಬದುಕಿದ್ದಾಗ ಒಂದು ಚೀಲ ಹೊತ್ತೋರಲ್ಲ ನಮ್ಮಪ್ಪ. ಈಗ ಅಮ್ಮನ ಬಟ್ಟೆಬರೆನೆಲ್ಲ ಹೊರೋ ಹಾಗೆ ಮಾಡಿದ್ರಲ್ಲ!”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬೈದಿದ್ದರೆ ಸಹಿಸಬಹುದಿತ್ತು. ಅವರು ಬೈಯಲಿಲ್ಲ. ಮಗಳ ಕೈಯಿಂದ ಡಿಸ್ಕು ತೆಗೆದುಕೊಂಡು ಸೆರಗಿನಿಂದ ಒರೆಸಿ, “ನಾನು ದಿನಾ ಇವರ ತಲೆ ಮೇಲೇ ಬಟ್ಟೆ ಜೋಡಿಸ್ತಿದ್ನಾ?” ಎಂದು ಮೆಲ್ಲಗೆ ಕೇಳಿದರು. ವಾರಕ್ಕೊಮ್ಮೆಯಾದರೂ ಅವರು, “ಅಳಿಯಂದ್ರೇ, ನಮ್ಮೋರದ್ದು ಒಂದ್ಸಲ ಹಾಕ್ತೀರಾ?” ಎನ್ನುವುದೂ, ನಾನು “ಹುಡುಕ್ತಾ ಇದ್ದೀನಿ ಅತ್ತೆ” ಎನ್ನುವುದೂ ನಮ್ಮ ಮನೆಯ ವಾಡಿಕೆಯಾಗಿತ್ತು.

ನಾನು ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬಿಡಿಸುವವನು. ಆದರೆ ಅದು ಹೊಟ್ಟೆಪಾಡು. ಮನೆಯೊಳಗೆ ನಾನು ಚರಿತ್ರಕಾರ! ಮಗಳ ಮೊದಲ ಹೆಜ್ಜೆ, ಶಾಲೆಯ ನಾಟಕ, ಮಾವನವರ ಹರಟೆ, ಒಂದನ್ನೂ ಬಿಡದೆ ಕ್ಯಾಮೆರಾದಲ್ಲಿ ಹಿಡಿದಿಟ್ಟವನು. ಕಂಪ್ಯೂಟರುಗಳು ಒಂದೊಂದಾಗಿ ಕಣ್ಣುಮುಚ್ಚಿದಾಗ ಅವುಗಳ ಡಿಸ್ಕು ಕಿತ್ತು, ಹಳೇ ಬನಿಯನ್ನಿನಲ್ಲಿ ಸುತ್ತಿ, ಎಲ್ಲೋ ಒಂದು ಕಡೆ ಜೋಪಾನವಾಗಿ ಇಡುತ್ತಿದ್ದೆ. ಆ ‘ಎಲ್ಲೋ’ ಎಲ್ಲಿ ಎಂಬುದೇ ತಕರಾರು. ನನ್ನ ಹೆಂಡತಿ ಔಷಧಿ ಅಂಗಡಿ ನಡೆಸುವವಳು. ಕಣ್ಣು ಕಟ್ಟಿ ಬಿಟ್ಟರೂ ಕೆಮ್ಮಿನ ಔಷಧಿಗೆ ನೇರ ಕೈ ಹಾಕುತ್ತಾಳೆ. ನನಗೆ ಇಟ್ಟ ಜಾಗ ಮರೆತುಹೋಗುತ್ತದೆ, ಇಟ್ಟ ಹೊತ್ತಿನ ಬೆಳಕು ಮಾತ್ರ ನೆನಪಿರುತ್ತದೆ. “ಸಂಜೆ ಬಿಸಿಲು ಗೋಡೆ ಮೇಲೆ ಓರೆಯಾಗಿ ಬಿದ್ದಿತ್ತು ಕಣೇ” ಎಂದರೆ ಇವಳಿಗೆ ಸಾಲದು, ಯಾವ ಗೋಡೆ ಎಂದೂ ಬೇಕು!

“ಎಲ್ಲಾ ಡಿಸ್ಕೂ ಒಂದೇ ಕಡೆ ಇರಬೇಕು. ಅಮ್ಮ ಕೇಳಿದ ತಕ್ಷಣ ಅಪ್ಪ ಬರಬೇಕು. ಅಷ್ಟೇ,” ಎಂದು ಆಜ್ಞೆಯಾಯಿತು.

ಮನೆಯನ್ನು ತಲೆಕೆಳಗು ಮಾಡಿದಾಗ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಒಂದು, ನನ್ನ ಬೂಟಿನೊಳಗೆ ಒಂದು, ಒಗೆಯದ ಬಟ್ಟೆಗಳ ಬುಟ್ಟಿಯ ತಳದಲ್ಲಿ ಒಂದು ಡಿಸ್ಕು ಸಿಕ್ಕಿತು. (ಆ ಬುಟ್ಟಿಯ ತಳದವರೆಗೆ ನಾವು ಹೋಗಿದ್ದು ಅದೇ ಮೊದಲು.) ಇವಕ್ಕೆಲ್ಲ ಒಂದೇ ಪೆಟ್ಟಿಗೆ ಸಿಗುತ್ತದೆ, ಒಂದೊಂದು ಗೂಡಿಗೂ ಒಂದೊಂದು ಡಿಸ್ಕು ತಳ್ಳಿ, ಒಂದೇ ತಂತಿಯಿಂದ ಟೀವಿಗೂ ಕಂಪ್ಯೂಟರಿಗೂ ಜೋಡಿಸಬಹುದು ಎಂದು ಕಾಲೇಜಿಗೆ ಹೋಗುವ ಮಗಳು ಹೇಳಿದಳು. ಫೋನಿನಲ್ಲಿ ಚಿತ್ರ ತೋರಿಸಿದಳು.

ನಾನು ಆ ಕ್ಷಣವೇ ಕಳೆದುಹೋದೆ.

ಎಂಥಾ ಪೆಟ್ಟಿಗೆ! ಎಂಟು ಗೂಡು, ಗೂಡಿಗೊಂದು ಬಾಗಿಲು, ಬಾಗಿಲಿಗೊಂದು ನೀಲಿ ದೀಪ, ನೆತ್ತಿಯ ಮೇಲೊಂದು ಪುಟ್ಟ ಫ್ಯಾನು. ಕಣ್ಣು ಮುಚ್ಚಿದರೆ ಅದು ಬೆಳೆದು ಬೆಳೆದು ಮಹಲಾಗುತ್ತಿತ್ತು. ಕೆಳಗಿನ ಮಹಡಿಯಲ್ಲಿ ಮಾವನವರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮೇಲಿನ ಮಹಡಿಯಲ್ಲಿ ಅಂಬೆಗಾಲಿನ ಮಗಳು. ಅದರ ಮೇಲೆ ನನ್ನ ಹೆಂಡತಿ, ಮದುವೆಯಾದ ಹೊಸತರ ನಗುಮುಖದಲ್ಲಿ. (ಆ ಮಹಡಿಗೆ ಲಿಫ್ಟು ಇದ್ದರೆ ಇವತ್ತೇ ಹೊರಟೆ.) ಕಾಲ ಎಂಬುದು ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಕಾಯುತ್ತಿದೆ, ಒಳಗೆ ಯಾರಿಗೂ ವಯಸ್ಸಾಗುವುದಿಲ್ಲ. ಎಲ್ಲ ಕಿಟಕಿಗಳಲ್ಲೂ ತಣ್ಣನೆಯ ನೀಲಿ ಬೆಳಕು...

“ಇದ್ಯಾವ ಬಡಾವಣೆ ರೀ?” ಎಂದರು ಯಾರೋ. ನಮ್ಮ ಮೇಲಧಿಕಾರಿ. ನನ್ನ ಮೇಜಿನ ಮೇಲಿದ್ದ ನಕ್ಷೆಯನ್ನು ಎತ್ತಿ ಬೆಳಕಿಗೆ ಹಿಡಿದಿದ್ದರು. “ಎಂಟು ಮಹಡಿ ಸರಿ. ನೀರಿನ ಕೊಳವೆ ಎಲ್ಲಿ? ಮೇಲೆ ಫ್ಯಾನ್ ಯಾಕೆ ಬಿಡಿಸಿದ್ದೀರಿ?”

ಮುಂದಿನ ಶನಿವಾರ ದಂಪತಿಗಳಾಗಿ ಅಂಗಡಿಗೆ ಹೋದೆವು. ಅಂಗಡಿಯಾಕೆ ಚುರುಕಿನವಳು.

“ಎಷ್ಟು ‘ಬೇ’ದು ಬೇಕು ಸರ್? ಟೂ ಬೇ, ಫೋರ್ ಬೇ, ಏಟ್ ಬೇ ಇದೆ.”

ಒಂದು ಗೂಡಿಗೆ ‘ಬೇ’ ಎನ್ನುತ್ತಾರಂತೆ. ಅದೇ ಅಕ್ಷರ ಕೇಳಿದರೆ ನನಗೆ ‘ಬೇಕು’ ಎಂದೂ ನನ್ನ ಹೆಂಡತಿಗೆ ‘ಬೇಡ’ ಎಂದೂ ಕೇಳಿಸುವುದು ದೈವೇಚ್ಛೆ.

“ಎಂಟು,” ಅಂದೆ ನಾನು.

“ನಮ್ಮತ್ರ ಇರೋದು ನಾಲ್ಕು ಡಿಸ್ಕು,” ಅಂದಳು ಹೆಂಡತಿ.

“ಮುಂದಕ್ಕೆ ಬೇಕಾಗತ್ತೆ. ಮೊಮ್ಮಕ್ಕಳು, ಮರಿಮಕ್ಕಳು...”

“ಮಗಳಿಗಿನ್ನೂ ಪರೀಕ್ಷೆ ಮುಗಿದಿಲ್ಲ, ನೀವು ಮರಿಮಕ್ಕಳಿಗೆ ಗೂಡು ಕಟ್ತಿದ್ದೀರಾ?”

ಅಂಗಡಿಯಾಕೆ ಮಧ್ಯೆ ಬಂದು, “ಇದು ಚಾಲೂ ಇರುವಾಗಲೇ ಕೆಟ್ಟ ಡಿಸ್ಕನ್ನ ಹೊರಗೆಳೆದು ಹೊಸದು ಹಾಕ್ಬಹುದು ಮೇಡಂ. ಮನೇಲಿ ಯಾರಿಗೂ ತೊಂದ್ರೆ ಆಗಲ್ಲ,” ಎಂದಳು.

ನನ್ನ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ಈ ಅನುಕೂಲ ಡಿಸ್ಕಿಗೆ ಮಾತ್ರಾನಾ?” ಎಂದು ಕೇಳಿದಳು. ಇಬ್ಬರು ಹೆಂಗಸರೂ ನಕ್ಕರು. ನಾನು ಗಾಜಿನ ಕಪಾಟಿನಲ್ಲಿ ಮಿನುಗುತ್ತಿದ್ದ ಎಂಟು ನೀಲಿ ದೀಪಗಳನ್ನು ಕೊನೆಯ ಸಲ ನೋಡಿದೆ. ನಾಲ್ಕು ಗೂಡಿನ ಪೆಟ್ಟಿಗೆ ಚೀಲಕ್ಕೆ ಬಿತ್ತು.

ಮನೆಯಲ್ಲಿ ಮಗಳು ಪುಸ್ತಿಕೆ ಓದುತ್ತಾ, “ಇದಕ್ಕೆ ರೇಡ್ ಮಾಡೋದಾ ಬೇಡ್ವಾ ಅಪ್ಪಾ?” ಎಂದಾಗ ಅತ್ತೆ ದಡಬಡ ಎದ್ದು ಮುಂಬಾಗಿಲ ಚಿಲಕ ಹಾಕಿದರು. “ನಮ್ಮನೇಲಿ ಏನಿದೆ ಅಂತ ರೇಡು?” ರೇಡ್ ಎಂದರೆ ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯುವ ಏರ್ಪಾಡು, ಪೊಲೀಸರದ್ದಲ್ಲ ಎಂದು ಮಗಳು ಬಿಡಿಸಿ ಹೇಳಿದಳು. ಆದರೆ ಈಗ ಅದನ್ನು ಮಾಡಹೊರಟರೆ ಹಳೆಯದೆಲ್ಲ ಅಳಿಸಿಹೋಗುತ್ತದಂತೆ. ಅಳಿಸುವ ಮಾತು ಕಿವಿಗೆ ಬಿದ್ದದ್ದೇ ತಡ, ಹೆಂಡತಿ ನನ್ನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ಕೂತಳು. (ಪ್ರೀತಿಯಿಂದಲ್ಲ. ನಾನು ಯಾವ ಗುಂಡಿಯನ್ನೂ ಒತ್ತಬಾರದೆಂದು.) ಮಗಳೇ ಡಿಸ್ಕುಗಳನ್ನು ಬಿಡಿಬಿಡಿಯಾಗಿ ಕೂರಿಸಿದಳು. ಕೆಳಗಿನ ಗೂಡಿಗೆ ‘ಅಪ್ಪ’ನನ್ನು ಅತ್ತೆಯೇ ತಳ್ಳಿದರು, ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ.

ದೀಪಗಳು ಹತ್ತಿದವು. ಪೆಟ್ಟಿಗೆ ಗುಂಯ್ ಎಂದು ಜೀವ ತಳೆಯಿತು. ಪರದೆ ಎಳೆದು ಎಲ್ಲರೂ ಸೋಫಾದಲ್ಲಿ ಒತ್ತೊತ್ತಾಗಿ ಕೂತೆವು. ನಾನು ಎದೆಯುಬ್ಬಿಸಿ ಮೌಸು ಹಿಡಿದೆ. ಮೊದಲು ಮಗಳ ಮೊದಲ ಹೆಜ್ಜೆ.

ಟೀವಿಯ ಮೇಲೆ ಪುಟ್ಟ ಪಾದಗಳು ಬಂದವು. ಒಂದು ಅಲುಗಿತು. ಅಷ್ಟರಲ್ಲಿ ಚಿತ್ರ ಮೆಲ್ಲಗೆ ಮೇಲೇರಿ, ಕಿಟಕಿ ದಾಟಿ, ಒಂದು ಬೆಳ್ಳನೆಯ ಮೋಡದ ಮೇಲೆ ನಿಂತಿತು. ಮೋಡ ನಿಧಾನವಾಗಿ ಸಾಗುತ್ತಿತ್ತು. ಹಿಂದಿನಿಂದ ನನ್ನ ಹೆಂಡತಿಯ ಕಿರುಚಾಟ: “ನಡೀತು ರೀ! ನಡೀತು! ತೆಗೀತಿದ್ದೀರಾ?”

“ಹ್ಞೂಂ, ಹ್ಞೂಂ,” ಎಂದಿತು ಟೀವಿಯೊಳಗಿನ ನನ್ನ ದನಿ, ಯಾವುದೋ ಲೋಕದಿಂದ.

ಸೋಫಾ ತಣ್ಣಗಾಯಿತು. ಗಡಿಬಿಡಿಯಲ್ಲಿ ಮುಂದಿನದು ಒತ್ತಿದೆ. ಶಾಲೆಯ ನಾಟಕ. ಮಗಳು ರಾಣಿಯಾಗಿ ವೇದಿಕೆಗೆ ಬಂದಳು. ಕ್ಯಾಮೆರಾ ಪರದೆಯ ಸಂದಿಯಿಂದ ಇಳಿಯುತ್ತಿದ್ದ ಬಿಸಿಲುಕೋಲಿನ ಕಡೆ ತಿರುಗಿತು. ಅದರಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು, ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿಯೇ ತೇಲುತ್ತಿದ್ದವು. ಹೆಂಡತಿಯ ಹುಟ್ಟುಹಬ್ಬ: ಟೀ ಲೋಟದ ಮೇಲಿನ ಹಬೆ.

“ಅಪ್ಪಾ,” ಎಂದಳು ಮಗಳು, “ನೀನು ಬರೆದಿರೋದು ಮನೆ ಚರಿತ್ರೆ ಅಲ್ಲ, ಹವಾಮಾನ ವರದಿ.”

ಹೆಂಡತಿ ನನ್ನಿಂದ ಒಂದು ಗೇಣು ದೂರ ಸರಿದು ಕೂತಳು. ಅದು ಹವಾಮಾನದ ಭಾಷೆಯಲ್ಲಿ ಏನೆಂದು ನನಗೆ ಗೊತ್ತು. ಅವಸರದಲ್ಲಿ ಕೆಳಗಿನ ಗೂಡು ತೆರೆದೆ.

ಮಾವನವರು ಬಂದರು. ಅಂಗಳದಲ್ಲಿ, ಬೆತ್ತದ ಕುರ್ಚಿಯಲ್ಲಿ, ಉಳಿದ ನಾಲ್ಕು ಕೂದಲನ್ನು ಹೊಸದಾಗಿ ಬಾಚಿಕೊಂಡು. ಅತ್ತೆ ಸೆರಗು ಹೊದ್ದು ನೆಟ್ಟಗೆ ಕೂತರು. ಮಾವನವರು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಚಿತ್ರ ಅವರ ಬೋಳುನೆತ್ತಿಯನ್ನು ಸವರಿಕೊಂಡು ಮೇಲಕ್ಕೆ, ಮೇಲಕ್ಕೆ... ಟೀವಿ ತುಂಬ ಮೋಡ. ಅಂಚಿಗೆ ಬೆಳ್ಳಿಯಿತ್ತು.

ದನಿ ಮಾತ್ರ ಕೆಳಗಿನಿಂದ ಬರುತ್ತಲೇ ಇತ್ತು. “ಇವಳೆಲ್ಲಿ? ಒಳಗಿದ್ದಾಳಾ? ಕರೀರಿ ಅಳಿಯಂದ್ರೇ, ನನ್ನೊಬ್ಬನ್ನೇ ತೆಗೆದ್ರೆ ಏನು ಚೆಂದ? ಅವಳೂ ಬಂದು ಪಕ್ಕದಲ್ಲಿ ಕೂತ್ಕೊಳ್ಲಿ.”

ಅತ್ತೆ ಎದ್ದರು. ಟೀವಿಯ ಹತ್ತಿರ ಹೋಗಿ, ಕುರ್ಚಿ ಎಳೆದುಕೊಂಡು, ಅದರ ಪಕ್ಕದಲ್ಲೇ ಕೂತರು. ಕೊರಳು ಕೊಂಕಿಸಿ ಪರದೆಯನ್ನು ಆ ಬದಿಯಿಂದ ನೋಡಿದರು, ಈ ಬದಿಯಿಂದ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಎಂದಿನ ಮರ್ಯಾದೆಯಿಂದಲೇ ಹೇಳಿದರು:

“ಮೋಡ ಚೆನ್ನಾಗಿದೆ ಅಳಿಯಂದ್ರೇ. ಸ್ವಲ್ಪ ಪಕ್ಕಕ್ಕೆ ಸರಿಸಿ. ನಮ್ಮೋರು ಕಾಣ್ತಿಲ್ಲ.”

ಹೆಂಡತಿ ನನ್ನನ್ನೇ ನೋಡಿದಳು. ಮಗಳೂ ನೋಡಿದಳು. ನಾನು ಮೌಸು ಹಿಡಿದು, ಬಾಣದ ಗುರುತನ್ನು ಮೋಡದ ಬೆಳ್ಳಿಯಂಚಿಗೆ ತಂದು ನಿಲ್ಲಿಸಿ, ದೇವರಾಣೆಗೂ, ಒಮ್ಮೆ ಎಳೆದು ನೋಡಿದೆ.

ಮೋಡ ಕದಲಲಿಲ್ಲ. ಅದರ ಹಿಂದಿನಿಂದ ಮಾವನವರು ಸಂತೋಷವಾಗಿ ಕೇಳಿದರು:

“ಆಯ್ತಾ ಅಳಿಯಂದ್ರೇ? ನಾನು ಚೆನ್ನಾಗಿ ಬಂದ್ನಾ?”